ಪರದೆಯಾಚೆಯ ಹೂಂ

ನನ್ನ ನಾಲಿಗೆ ಉದ್ದ ಎಂಬುದು ಆಫೀಸಿನಲ್ಲಿ ಗೊತ್ತಿಲ್ಲದವರಿಲ್ಲ. ಮೀಟಿಂಗಿನಲ್ಲಿ ಯಾರಾದರೂ ನನ್ನ ಮಾತನ್ನು ಅರ್ಧಕ್ಕೆ ಕತ್ತರಿಸಿದರೆ, ಉಳಿದರ್ಧವನ್ನು ಎರಡು ಪಟ್ಟು ಮಾಡಿ ಹೇಳುವವಳು ನಾನು. ಅಂಥವಳು ಇಡೀ ಕಟ್ಟಡದಲ್ಲಿ ಒಂದೇ ಒಂದು ಕಡೆ ಮೆತ್ತಗೆ ಮಾತಾಡುತ್ತಿದ್ದೆ. ಅದು ಹಾಲಿನ ಕೋಣೆ.

ಮಗು ಹೆತ್ತು ಕೆಲಸಕ್ಕೆ ಮರಳಿದವರು ಎದೆಹಾಲು ತೆಗೆದಿಡುವ ಜಾಗವದು. ಮೊದಲು ಮುರಿದ ಕುರ್ಚಿಗಳ ಉಗ್ರಾಣವಾಗಿತ್ತಂತೆ. ನಮ್ಮ ಕಟ್ಟಡಕ್ಕೂ ಕಂಪನಿಯದೇ ಆದ ಪಕ್ಕದ ಕಟ್ಟಡಕ್ಕೂ ನಡುವೆ ಸಿಕ್ಕಿಕೊಂಡಿದ್ದರಿಂದ ಅದಕ್ಕೆ ಎರಡು ಬಾಗಿಲು, ಮಧ್ಯದಲ್ಲಿ ನೆಲ ಮುಟ್ಟುವ ತಿಳಿಹಸಿರು ಪರದೆ. ಆ ಕಡೆಯವರು ಆ ಬಾಗಿಲಿನಿಂದ, ಈ ಕಡೆಯವರು ಈ ಬಾಗಿಲಿನಿಂದ. ಮೇಲಿನ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಪರದೆಯ ಮೇಲೆ ಬಿದ್ದರೆ ಕೋಣೆಯೆಲ್ಲ ಕೆರೆಯ ತಳದ ಹಾಗೆ ಹಸಿರಾಗುತ್ತಿತ್ತು. ಹಾಲೆಳೆಯುವ ಯಂತ್ರ ಗುಂಯ್ ಎನ್ನುತ್ತಿತ್ತು, ಹಾಲು ಇಳಿಯುತ್ತಿತ್ತು, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಲ್ಲಿಗೊಂದು ಕಟ್ಟಳೆಯೂ ಇತ್ತು. ಪರದೆ ಸರಿಸಬಾರದು, ಹೆಸರು ಕೇಳಬಾರದು, ಹುದ್ದೆ ಕೇಳಬಾರದು. ಯಾರು ಮಾಡಿದರೋ ತಿಳಿಯದು. ರವಿಕೆ ಬಿಚ್ಚಿ ಕುಳಿತಾಗಲಾದರೂ ಯಾರೂ ಯಾರಿಗೂ ಮೇಲಿನವರಾಗಬಾರದು ಎಂದು ಯಾವಳೋ ಪುಣ್ಯಾತ್ಗಿತ್ತಿ ಯೋಚಿಸಿರಬೇಕು.

ನಾನು ಕೆಲಸಕ್ಕೆ ಮರಳಿದ ಹೊಸದರಲ್ಲಿ ಅಲ್ಲಿ ಕುಳಿತು ಅತ್ತಿದ್ದೆ. ನಮ್ಮ ಮ್ಯಾನೇಜರನಿಗೆ ನಾವಿಟ್ಟ ಹೆಸರು ಬೆಣ್ಣೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವನು ಅವನು. ಅವತ್ತು ಬೆಳಿಗ್ಗೆ ಕರೆದು, "ನಿಮಗೆ ಮಗು ಇನ್ನೂ ಚಿಕ್ಕದು. ಸ್ವಲ್ಪ ದಿನ ಹಗುರದ ಕೆಲಸ ತಗೊಳ್ಳಿ. ಕೈಪಿಡಿ ಬರೆಯೋದು ಇರುತ್ತಲ್ಲ, ಅಂಥದ್ದು" ಎಂದಿದ್ದ. ಒಮ್ಮೆ ಕೈಪಿಡಿಗೆ ಹೋದ ಹೆಂಗಸು ಮತ್ತೆ ಸಾಫ್ಟ್‌ವೇರ್ ಕೋಡು ಬರೆಯಲು ಮರಳಿದ್ದನ್ನು ನಾನು ಕಂಡಿಲ್ಲ. ಅದು ಗೊತ್ತಿದ್ದೂ ಒಪ್ಪಿಬಿಡೋಣ ಎನ್ನಿಸಿತ್ತು. ಅಷ್ಟು ಸುಸ್ತಾಗಿದ್ದೆ.

"ಅಳೋದಾದ್ರೆ ಜೋರಾಗೇ ಅಳಿ. ಎರಡು ಮೆಷಿನ್ ಶಬ್ದದಲ್ಲಿ ಯಾರಿಗೂ ಕೇಳಲ್ಲ" ಎಂದಿತು ಪರದೆಯಾಚೆಯಿಂದ ಒಂದು ದನಿ.

ನನಗೆ ನಗು ಬಂತು. ಅಳುತ್ತ ನಗುತ್ತ ಎಲ್ಲವನ್ನೂ ಹೇಳಿದೆ. ಆ ದನಿ ಎಲ್ಲದಕ್ಕೂ ಹೂಂ ಎಂದಿತು. ಕೊನೆಗೆ, "ಅವ್ರು ಕೊಟ್ಟಿದ್ದು ಹಗುರದ ಕೆಲಸ ಅಲ್ಲ, ಹಿಂಬಾಗಿಲು. ಒಂದು ತಿಂಗಳು ಹಲ್ಲು ಕಚ್ಚಿ ತಡೀರಿ. ದಿನಾ ಇಲ್ಲಿಗೆ ಬಂದು ನನ್ ಹತ್ರ ಬೈಕೊಳ್ಳಿ. ನಾನೂ ಬೈತೀನಿ" ಎಂದಿತು.

ನಾನು ಬೆಣ್ಣೆಗೆ ಆಗುವುದಿಲ್ಲ ಎಂದೆ.

ಅಂದಿನಿಂದ ಮಧ್ಯಾಹ್ನವಾದರೆ ಪರದೆಯ ಬಳಿ ಕೂರುವುದು, ಇಬ್ಬರೂ ಬೈದುಕೊಳ್ಳುವುದು. ಬೈಗುಳ ಮುಗಿದ ಮೇಲೆ ಕೆಲಸದ ಮಾತು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಕೋಡಿನಲ್ಲಿ ತಪ್ಪು ಸಿಗದಿದ್ದರೆ ಮಾತು ಬಾರದ ಯಾವುದಕ್ಕಾದರೂ, ಗೊಂಬೆಗೋ ಹೂಕುಂಡಕ್ಕೋ, ಮೊದಲಿನಿಂದ ಬಿಡಿಸಿ ಹೇಳಬೇಕು. ಹೇಳುತ್ತ ಹೇಳುತ್ತ ತಪ್ಪು ತಾನೇ ಎದ್ದು ನಿಲ್ಲುತ್ತದೆ. ಯಾವ ಕೆಲಸದ್ದೆಂದು ಹೆಸರಿಸದೆ ನಾನು ಪರದೆಗೆ ಹೇಳುತ್ತಿದ್ದೆ. ಪರದೆ ಹೂಂ ಎನ್ನುತ್ತಿತ್ತು. ಆಚೆಯವಳೂ ಕೋಡು ಬರೆಯುವವಳೇ ಎಂದಷ್ಟೇ ಗೊತ್ತಿತ್ತು. ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು, ಮಾತಿನ ನಡುವೆ ಆಕಳಿಸುತ್ತಿದ್ದಳು. ಕೆಲವು ಸಲ ಇಬ್ಬರಿಗೂ ಮಂಪರು ಹತ್ತಿ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಆ ಮಂಪರಿನಲ್ಲಿ ನನಗೆ ಮತ್ತೆ ಮತ್ತೆ ಒಂದೇ ಕನಸು. ಕೊನೆಯಿಲ್ಲದ ಒಂದು ಮನೆ. ಕೋಣೆಕೋಣೆಯಲ್ಲೂ ಯಾರೋ ಕಾಯಿಲೆಯವರು ಮಲಗಿದ್ದಾರೆ, ಪ್ರತಿ ಹಾಸಿಗೆಯ ಪಕ್ಕದಲ್ಲಿ ಒಂದು ಗಂಟೆ. ನಾನು ಬರಿಗಾಲಲ್ಲಿ ನಡೆಯುತ್ತ ಗಂಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತೇನೆ. ಗೋಡೆಯ ಆ ಬದಿಯಲ್ಲಿ ಇನ್ನೊಬ್ಬಳು ನನ್ನ ಹೆಜ್ಜೆಗೆ ಹೆಜ್ಜೆ ಕೊಟ್ಟು ನಡೆಯುತ್ತಿದ್ದಾಳೆ. ಕಾಣುವುದಿಲ್ಲ, ಆದರೆ ಅವಳಿರುವುದರಿಂದ ನನಗೆ ಭಯವಿಲ್ಲ. ಎಚ್ಚರಾದಾಗ ಸೀಸೆ ತುಂಬಿರುತ್ತಿತ್ತು.

ಕನಸು ಆಕಾಶದಿಂದ ಬಿದ್ದದ್ದೇನಲ್ಲ. ನಮ್ಮ ಕೆಲಸವೇ ಅದು. ಕಾಯಿಲೆಯವರಿಗೆ ಹೊತ್ತುಹೊತ್ತಿಗೆ ಮಾತ್ರೆ ನೆನಪಿಸುವ ಆ್ಯಪ್ ಮಾಡುತ್ತಿದ್ದೆವು. ಗಂಟೆ ಬಾರಿಸುವ ಭಾಗ ನನ್ನದು. ಯಾರು ಯಾವ ಮಾತ್ರೆ ನುಂಗಿದರು ಎಂದು ನೆನಪಿಟ್ಟುಕೊಳ್ಳುವ ಭಾಗ ಪಕ್ಕದ ಕಟ್ಟಡದ ಒಬ್ಬಳದು. ಅವಳಿಗೆ ಎಲ್ಲರೂ ಇಟ್ಟ ಹೆಸರು ಮೌನಗೌರಿ. ಮೀಟಿಂಗಿನಲ್ಲಿ ಮುಖವನ್ನೂ ತೋರಿಸುತ್ತಿರಲಿಲ್ಲ, ಬಾಯನ್ನೂ ಬಿಡುತ್ತಿರಲಿಲ್ಲ. ಏನಿದ್ದರೂ ಬರೆದು ಕಳಿಸುವಳು. ಬರೆದದ್ದು ಮಾತ್ರ ಬಂಗಾರ, ಎಲ್ಲಿಯೂ ಒಂದು ಕೊಂಕು ತೆಗೆಯುವಂತಿರಲಿಲ್ಲ. ಅವಳ ಕೋಡಿನಲ್ಲಿ ನನಗೆ ಇಷ್ಟವಾಗುತ್ತಿದ್ದುದು ಅವಳ ಹುಸಿರೋಗಿಗಳು. ಪರೀಕ್ಷೆಗೆಂದು ಸುಳ್ಳುರೋಗಿಗಳನ್ನು ನಾವೆಲ್ಲ ಸೃಷ್ಟಿಸುತ್ತೇವೆ. ನನ್ನವರಿಗೆ ಬರೀ ಅಂಕಿ. ಅವಳವರಿಗೆ ಹೆಸರು. ಸಿಡುಕಿನ ಚಿಕ್ಕಮ್ಮ, ನಿದ್ದೆಗೇಡಿ ಮಾವ, ಎಲ್ಲರಿಗಿಂತ ಮೇಲಾಗಿ ಮರೆಗುಳಿ ದೊಡ್ಡಪ್ಪ. ನುಂಗಿದ್ದನ್ನು ಮರೆತು ಇನ್ನೊಮ್ಮೆ ನುಂಗುವ ಆಸಾಮಿ.

ಅಷ್ಟರಲ್ಲಿ ಎರಡೂ ಕಟ್ಟಡಗಳ ತಂಡವನ್ನು ಮುನ್ನಡೆಸುತ್ತಿದ್ದ ನಮ್ಮ ಲೀಡ್ ಕೆಲಸ ಬಿಟ್ಟ. ಜಾಗ ಖಾಲಿಯಾಯಿತು. ಹೆಸರು ಕೊಟ್ಟವರು ಇಬ್ಬರೇ, ನಾನು ಮತ್ತು ಮೌನಗೌರಿ.

ನನಗೆ ಆ ಹುದ್ದೆ ಬೇಕಿತ್ತು. ಸುತ್ತಿ ಬಳಸಿ ಹೇಳುವುದೇಕೆ, ಹಸಿದವಳಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ನನ್ನಿಂದ ಕೆಲಸ ಕಲಿತ ಹುಡುಗರು ನನ್ನ ತಲೆಯ ಮೇಲೆ ಕುಳಿತಿದ್ದರು. ಮನೆಯಲ್ಲಿ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, "ನೀನು ಹೋಗಿ ಗೆದ್ಕೊಂಡು ಬಾ. ಗುಬ್ಬೀನ ನಾನು ನೋಡ್ಕೋತೀನಿ. ನನ್ ಕಾಲದಲ್ಲಿ ನಂಗೆ ಹಿಂಗೆ ಹೇಳೋರು ಇರ್ಲಿಲ್ಲ" ಎಂದರು. ಗುಬ್ಬಿ ಎಂದರೆ ನನ್ನ ಮಗಳು. ಗಂಡ, "ಸಂದರ್ಶನದಲ್ಲಿ ಯಾರಿಗೂ ಬೈಬೇಡ, ಅಷ್ಟು ಮಾಡು" ಎಂದ. ಅವನಿಗೆ ಅಲ್ಲೇ ಬೈದೆ.

ಸಂದರ್ಶನದ ಹಿಂದಿನ ಮಧ್ಯಾಹ್ನ ಹಾಲಿನ ಕೋಣೆಗೆ ಹೋದರೆ, ಆಚೆ ಯಂತ್ರದ ಸದ್ದಿದೆ, ಮಾತಿಲ್ಲ.

"ಏನಾಯ್ತು, ನಾಲಿಗೆ ಅಡ ಇಟ್ಟಿದ್ದೀರಾ?" ಎಂದೆ.

"ಒಂದು ಹುದ್ದೆಗೆ ಹೆಸರು ಕೊಟ್ಟಿದ್ದೆ. ಸಂಜೆ ವಾಪಸ್ ತಗೋತೀನಿ. ನಂಗೆ ಜನರ ಮುಂದೆ ಬಾಯಿ ಒಣಗುತ್ತೆ. ಇಲ್ಲಿ ಮಾತ್ರ ಹೇಗೋ ಮಾತು ಬರುತ್ತೆ. ಇನ್ನೊಬ್ರು ಇದ್ದಾರಂತೆ, ಪಕ್ಕದ ಕಟ್ಟಡದವರು. ಭಾರಿ ಜಗಳಗಂಟಿ ಅಂತ ಮ್ಯಾನೇಜರ್ರೇ ಹೇಳಿದ್ರು. ಅವ್ರ ಮುಂದೆ ನಿಮ್ಮಂಥವ್ರು ಯಾಕೆ ಸುಮ್ನೆ ನೋವು ತಗೋತೀರಿ ಅಂದ್ರು, ಪಾಪ, ಒಳ್ಳೆ ಮಾತಲ್ಲೇ."

ನನ್ನ ಕೈ ಸೀಸೆಯ ಮೇಲೆ ನಿಂತಿತು.

"ಬಿಡಿ" ಎಂದಳು ಅವಳು, ಆಕಳಿಸಿ. "ಅದರ ಯೋಚನೇಲಿ ಕೆಲಸಾನೂ ಕೆಟ್ಟಿದೆ. ನನ್ ಮರೆಗುಳಿ ದೊಡ್ಡಪ್ಪ ಇವತ್ತೂ ಎರಡು ಮಾತ್ರೆ ನುಂಗ್ಬಿಟ್ಟ."

ಯಂತ್ರ ಗುಂಯ್ ಎನ್ನುತ್ತಿತ್ತು. ಪರದೆಯ ಮೇಲೆ ಎಲೆಗಳ ನೆರಳು ಆಡುತ್ತಿತ್ತು. ನನ್ನ ಕನಸಿನ ಮನೆ ಕಣ್ಣು ತೆರೆದಿರುವಾಗಲೇ ಬಂದು ನಿಂತಿತು. ಉದ್ದನೆಯ ಹಜಾರ, ಅದರ ತುದಿಯ ಮಂಚದ ಮೇಲೆ ದೊಡ್ಡಪ್ಪ ಅಂಗೈಯಲ್ಲಿ ಎರಡು ಮಾತ್ರೆ ಹಿಡಿದು ಕುಳಿತಿದ್ದಾನೆ, ಯಾವುದನ್ನು ನುಂಗಲಿ ಎಂದು ಗೋಡೆಯ ಈ ಬದಿಯ ನನ್ನನ್ನೂ ಆ ಬದಿಯ ಅವಳನ್ನೂ ನೋಡುತ್ತಿದ್ದಾನೆ. ಇಷ್ಟು ದಿನ ನನ್ನ ಜೊತೆ ನಡೆದವಳು ಮೌನಗೌರಿ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಗಳಿಗೆಯಲ್ಲಿ ಬಂಗಾರ ನನ್ನ ಬಾಯೊಳಗೇ ಇತ್ತು. ನಾನು ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ಹೂಂ ಎಂದಿದ್ದರೆ ಸಾಕು, ಸಂಜೆ ಅವಳ ಹೆಸರು ಹೋಗುತ್ತಿತ್ತು, ನಾಳೆ ಹುದ್ದೆ ನನ್ನದು. ಕಟ್ಟಳೆಯೂ ನನ್ನ ಪರವಾಗಿತ್ತು. ಯಾರು ಎಂದು ಕೇಳಬಾರದು, ಹೇಳಬಾರದು. ಹೂಂ ಎನ್ನಲು ಬಾಯಿಯನ್ನೂ ತೆರೆದೆ. ಆಗ ನಮ್ಮಿಬ್ಬರಿಗೂ ಮ್ಯಾನೇಜರನಾದ ಬೆಣ್ಣೆಯ ಮುಖ ಕಣ್ಣ ಮುಂದೆ ಬಂತು. ನನಗೆ ಕೊಟ್ಟ ಅದೇ ಹಿಂಬಾಗಿಲನ್ನು ಅವಳಿಗೂ ತೆರೆದು ಹಿಡಿದಿದ್ದಾನೆ, ನನ್ನನ್ನೇ ಬೆದರುಬೊಂಬೆ ಮಾಡಿ. ನನಗೆ ಮೈಯೆಲ್ಲ ಉರಿದುಹೋಯಿತು.

"ಆ ಜಗಳಗಂಟಿ ನಾನೇ" ಎಂದೆ.

ಆಚೆಯ ಯಂತ್ರ ನಿಂತಿತು.

"ನೀವು ಹೆಸರು ವಾಪಸ್ ತಗೊಂಡ್ರೆ ಆ ಹುದ್ದೆ ನಂಗೇ ಬರುತ್ತೆ. ನಂಗದು ಬೇಕು, ಎಷ್ಟು ಬೇಕು ಅಂದ್ರೆ ನಿಮಗೆ ಹೇಳೋಕಾಗಲ್ಲ. ಆದ್ರೂ ತಗೋಬೇಡಿ. ಅವತ್ತು ನಂಗೆ ಹಲ್ಲು ಕಚ್ಚಿ ತಡೀರಿ ಅಂದವರು ನೀವು. ಈಗ ನೀವು ಓಡಿಹೋದ್ರೆ ಈ ಪರದೆ ಹರಿದು ಬಂದು ಜಗಳ ಆಡ್ತೀನಿ."

ಆಮೇಲೆ ಆ ಕಡೆಯ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

ಅವಳು ಹೆಸರು ವಾಪಸು ಪಡೆಯಲಿಲ್ಲ. ಮರುದಿನ ಬೆಳಿಗ್ಗೆ ಅವಳ ಸಂದರ್ಶನ ಅವಳ ಕಟ್ಟಡದಲ್ಲಿ, ನನ್ನದು ಮಧ್ಯಾಹ್ನ ನಮ್ಮಲ್ಲಿ. ನನ್ನದು ಚೆನ್ನಾಗಿಯೇ ಆಯಿತು. ಯಾರಿಗೂ ಬೈಯಲಿಲ್ಲ. ವಾರ ಕಳೆದ ಮೇಲೆ ಬೆಣ್ಣೆ ಕರೆದು, ತುಂಬ ಕಷ್ಟದ ನಿರ್ಧಾರ, ಎಂದು ಆರಂಭಿಸಿದಾಗಲೇ ನನಗೆ ತಿಳಿಯಿತು, ಸಂದರ್ಶಕರು ಆರಿಸಿದ್ದು ಮೌನಗೌರಿಯನ್ನು. ಅವನ ಮುಖದಲ್ಲೂ ಗೆಲುವಿರಲಿಲ್ಲ. ಮೌನಗೌರಿ ಹೆದರಿ ಹಿಂದೆ ಸರಿಯುತ್ತಾಳೆಂದು ಅವನೆಣಿಸಿದ್ದ, ಆದದ್ದೇ ಇನ್ನೊಂದು.

ಹೊಟ್ಟೆಗೆ ಕಿಚ್ಚು ಬಿತ್ತು. ದೊಡ್ಡತನ ತೋರಿಸಿದವರಿಗೆ ನೆಮ್ಮದಿ ಸಿಗುತ್ತದೆ ಎನ್ನುವವರು ನನ್ನ ಮುಂದೆ ಬರಬಾರದಿತ್ತು ಆಗ. ಬಾಯಿ ಮುಚ್ಚಿಕೊಂಡಿದ್ದಿದ್ದರೆ ಎಂದು ನನ್ನನ್ನು ನಾನೇ ಶಪಿಸಿಕೊಳ್ಳುತ್ತ ಹಾಲಿನ ಕೋಣೆಗೆ ಹೋದೆ. ಸಿಟ್ಟಿಗೆ ಹಾಲೂ ಇಳಿಯಲಿಲ್ಲ. ಯಂತ್ರವನ್ನು ನಿಲ್ಲಿಸಿ ಹಸಿರು ಬೆಳಕಿನಲ್ಲಿ ಸುಮ್ಮನೆ ಕುಳಿತೆ.

ಆ ಕಡೆಯ ಬಾಗಿಲು ತೆರೆಯಿತು. ಕುರ್ಚಿ ಕಿರುಗುಟ್ಟಿತು.

"ಇದ್ದೀರಾ?"

ನಾನು ಖಾಲಿ ಸೀಸೆಗೆ ಮುಚ್ಚಳ ಬಿಗಿದೆ.

"ಇದ್ದೀರಿ ಅಂತ ಗೊತ್ತು. ಉಸಿರಲ್ಲೇ ಸಿಟ್ಟು ಕೇಳಿಸ್ತಿದೆ." ಅವಳು ಮುಂದುವರಿಸಿದಳು. "ಅವತ್ತು ಮೊದಲನೇ ಪ್ರಶ್ನೆಗೇ ಬಾಯಿ ಒಣಗ್ತು. ಎದ್ದು ಹೊರಡೋಣ ಅನ್ನಿಸ್ತು. ಆಮೇಲೆ ಕಣ್ಮುಚ್ಚಿದೆ. ಮುಂದೆ ಈ ಪರದೆ ಇದೆ, ಆಚೆ ನೀವು ಕೂತಿದ್ದೀರಿ ಅಂದ್ಕೊಂಡೆ. ನಿಮಗೆ ಹೇಳೋ ಹಾಗೇ ಎಲ್ಲ ಹೇಳ್ದೆ. ಕಣ್ಣು ಬಿಟ್ಟಾಗ ಅವ್ರು ಬರ್ಕೋತಾ ಇದ್ರು."

ಪರದೆಯ ಮೇಲೆ ನೆರಳು ಅಲುಗಿತು. ಅಂದರೆ ನನಗೆ ದಕ್ಕಬೇಕಾದ ಕುರ್ಚಿಯನ್ನು, ಮನಸ್ಸಿನಲ್ಲಿ ನನ್ನನ್ನೇ ಎದುರಿಗೆ ಕೂರಿಸಿಕೊಂಡು, ಗೆದ್ದು ಬಂದಿದ್ದಳು. ನನಗೆ ಅವಳನ್ನು ಬೈಯಬೇಕೆನ್ನಿಸಿತು. ಬೈಯಬೇಕೆನ್ನಿಸಿದಾಗ ಬಂದು ಹೇಳಿಕೊಳ್ಳಲು ನನಗಿದ್ದವಳೂ ಅವಳೊಬ್ಬಳೇ.

"ನಾಳೆ ಎಲ್ಲರ ಮುಂದೆ ನಿಂತು ಮಾತಾಡ್ಬೇಕಂತೆ" ಎಂದಳು. "ನಂಗೆ ತುಂಬ ಹೆದರಿಕೆ ಆಗ್ತಿದೆ. ಯಾರ ಹತ್ರ ಹೇಳ್ಲಿ ಅಂತಾನೇ ಗೊತ್ತಾಗ್ತಿಲ್ಲ."

ನನ್ನ ಹೊಟ್ಟೆ ಇನ್ನೂ ಉರಿಯುತ್ತಿತ್ತು. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

"ಹೂಂ" ಎಂದೆ. "ಮೊದಲಿಂದ ಹೇಳು."