ಹಟ್ಟಿಗೆ ಹೋದ ಪಾಯಸ

ಬಂಟ್ವಾಳದ ದೇವಿಪ್ರಸಾದ ಭಟ್ಟರ ಕೇಟರಿಂಗ್ ದೊಡ್ಡದೇನಲ್ಲ; ಒಂದು ವ್ಯಾನು, ನಾಲ್ಕಾರು ಅಡುಗೆಯವರು, ಎಲ್ಲರಿಗಿಂತ ಜೋರಾದ ಭಟ್ಟರ ಗಂಟಲು. ಕೈ ಮಾತ್ರ ದೊಡ್ಡದು. ಮದುವೆಮನೆಯಲ್ಲಿ ಒಂದು ಹಿಡಿ ಅನ್ನ ಮಿಕ್ಕರೂ ಚೆಲ್ಲಲು ಬಿಡುವ ಆಸಾಮಿಯಲ್ಲ. ಊಟವೆಲ್ಲ ಮೂಡುಬಿದಿರೆಯ ವೃದ್ಧಾಶ್ರಮಕ್ಕೆ, ತರಕಾರಿ ಸಿಪ್ಪೆ, ಬಾಳೆದಿಂಡು ಲಾಯಿಲದ ಕಾವೇರಮ್ಮನ ದನದ ಹಟ್ಟಿಗೆ. ಜನ ದಾರಿಯಲ್ಲಿ ಬಿಟ್ಟುಹೋದ ಮುದಿ ದನಗಳನ್ನು ಅವಳು ತಂದು ಸಾಕುತ್ತಿದ್ದಳು.

ಆ ದಿನ ಪೊಳಲಿಯಲ್ಲಿ ಮದುವೆ. ಚಾರ್ಮಾಡಿ ಘಾಟಿಯಲ್ಲಿ ಮರ ಬಿದ್ದು ವರನ ಕಡೆಯ ಬಸ್ಸುಗಳು ಮೇಲೆಯೇ ಉಳಿದವು. ವರ ಹಿಂದಿನ ದಿನವೇ ಇಳಿದು ಬಂದಿದ್ದರಿಂದ ತಾಳಿ ಕಟ್ಟಿದ್ದಾಯಿತು, ಊಟಕ್ಕೆ ಮಾತ್ರ ಜನವಿಲ್ಲ. ಅಬ್ಬಬ್ಬಾ, ಉಳಿದದ್ದೆಷ್ಟು! ಆಶ್ರಮಕ್ಕೆ ಬೇಕಾದಷ್ಟು ಕೊಟ್ಟ ಮೇಲೂ ಹಂಡೆಗಟ್ಟಲೆ ಅನ್ನ, ಪಾಯಸ, ಹೋಳಿಗೆ.

"ಮುದಿ ಜೀವಗಳು, ಒಂದು ದಿನವಾದರೂ ಮದುವೆ ಊಟ ಉಣ್ಣಲಿ" ಎಂದು ಭಟ್ಟರು ವ್ಯಾನನ್ನು ಲಾಯಿಲಕ್ಕೆ ತಿರುಗಿಸಿದರು. ಕಾವೇರಮ್ಮ ತಂಗಿಯ ಮನೆಗೆ ಹೋಗಿದ್ದಳು. ಭಟ್ಟರೇ ಪಂಚೆ ಎತ್ತಿ ಕಟ್ಟಿ ಬಾನಿಗಳಿಗೆ ಎಲ್ಲವನ್ನೂ ಸುರಿದರು. ದನಗಳು ಬಕಬಕ ತಿನ್ನುವುದನ್ನು ನೋಡಿಯೇ ಅವರ ಹೊಟ್ಟೆ ತುಂಬಿತು. ವಿಡಿಯೋ ಮಾಡಿ ಸ್ಟೇಟಸ್ಸಿಗೂ ಹಾಕಿದರು. ಅಷ್ಟು ಆಸೆ ಯಾರಿಗಿಲ್ಲ ಹೇಳಿ!

ಬೆಳಗಾಗುತ್ತಲೇ ಕಾವೇರಮ್ಮನ ಫೋನು. "ಭಟ್ರೇ, ಒಮ್ಮೆ ಬನ್ನಿ. ದನಗಳು ಏಳ್ತಾ ಇಲ್ಲ."

ಹಟ್ಟಿಯ ಬಾಗಿಲಲ್ಲೇ ಭಟ್ಟರ ಕಾಲು ನಿಂತಿತು. ಇದ್ದ ಮೂರು ದನಗಳಲ್ಲಿ ಎರಡು ಹೊಟ್ಟೆ ಉಬ್ಬಿ, ಕಾಲು ಚಾಚಿ ಸತ್ತು ಬಿದ್ದಿದ್ದವು. ಬೊಳ್ಳಿ ಎಂಬ ಬಿಳಿ ದನ ಮೂಲೆಯಲ್ಲಿ ನರಳುತ್ತಿತ್ತು. ದನದ ಡಾಕ್ಟರು ಶ್ರಾವ್ಯಾ ಅದರ ಗಂಟಲಿಗೆ ನಳಿಗೆ ಇಳಿಸುತ್ತಿದ್ದಳು.

"ಯಾವ ಪಾಪಿ ವಿಷ ಹಾಕಿದ್ದು?" ಭಟ್ಟರು ಕೂಗಿದರು. "ಅವನ ಕೈ ಸೇದಿ ಹೋಗಲಿ! ಪೊಲೀಸಿಗೆ ಹೇಳುವ, ಈಗಲೇ ಹೇಳುವ!"

"ವಿಷ ಎಲ್ಲ ಇಲ್ಲ" ಎಂದಳು ಶ್ರಾವ್ಯಾ. "ಇವಕ್ಕೆ ನಿನ್ನೆ ತಿನ್ನಲು ಎಂಥ ಕೊಟ್ಟದ್ದು?"

"ಅನ್ನ, ಪಾಯಸ... ನಾನೇ ಕೊಟ್ಟದ್ದು."

"ಎಷ್ಟು?"

"ಸಾಕು ಅನ್ನುವಷ್ಟು."

"ಅದಕ್ಕೆ ಸಾಕು ಅಂತ ಉಂಟಾ ಸರ್? ಅನ್ನ ಹೆಚ್ಚಾದರೆ ದನದ ಹೊಟ್ಟೆ ಹುಳಿತು ಹೋಗ್ತದೆ. ಜೀವವನ್ನೇ ತೆಗೀತದೆ."

"ಎಂಥ ಮಾತಾಡ್ತೀರಿ ನೀವು! ಆಶ್ರಮದ ಅಜ್ಜಿಯಂದಿರೂ ಅದನ್ನೇ ಉಂಡದ್ದು. ಅವರು ಚೆನ್ನಾಗಿಯೇ ಇದ್ದಾರೆ."

"ಅವರು ದನ ಅಲ್ಲವಲ್ಲ."

ಭಟ್ಟರ ಜೇಬಿನಲ್ಲಿ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ತೆಗೆದು ನೋಡಿದರೆ ಸ್ಟೇಟಸ್ಸಿಗೆ ಕೈಮುಗಿದ ಚಿತ್ರಗಳು, 'ಪುಣ್ಯವಂತರು ನೀವು' ಎಂಬ ಮಾತುಗಳು. ಸಾಯುವ ಮೊದಲು ಆ ದನಗಳು ಬಾನಿ ನೆಕ್ಕುತ್ತಿದ್ದ ವಿಡಿಯೋಕ್ಕೆ! ಅದನ್ನು ಅಳಿಸಿ ಫೋನನ್ನೇ ಆರಿಸಿದರು.

"ನೀವು ಬೇಕೆಂದು ಮಾಡಿದ್ದಲ್ಲ ಭಟ್ರೇ" ಎಂದಳು ಕಾವೇರಮ್ಮ. ನಾಲ್ಕು ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

"ಇದಾದರೂ ಉಳೀತದಾ?" ಎಂದು ಅವರು ಶ್ರಾವ್ಯಾಳನ್ನು ಕೇಳಿದರು.

"ಇದು ಮೆತ್ತಗಿನ, ಪಾಪದ ದನ. ಬೇರೆಯವು ದೂಡಿದ್ದರಿಂದ ಕಡಿಮೆ ತಿಂದಿರಬೇಕು. ನೋಡುವ."

ಭಟ್ಟರು ಸೆಗಣಿಯಲ್ಲೇ ಕುಳಿತು ಬೊಳ್ಳಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅತ್ತ ಹೊಂಡ ತೋಡುವ ಯಂತ್ರ ಬಂತು, ಎರಡು ದನಗಳು ಮಣ್ಣಿಗೆ ಹೋದವು. ಇವರು ಏಳಲಿಲ್ಲ, ಒಂದು ತೊಟ್ಟು ನೀರೂ ಕುಡಿಯಲಿಲ್ಲ. ಇದೊಂದನ್ನು ಉಳಿಸು ತಾಯೀ ಎಂದು ಒಳಗೊಳಗೇ ಗೋಗರೆಯುತ್ತಿದ್ದರು.

ಸಂಜೆಯ ಹೊತ್ತಿಗೆ ಬೊಳ್ಳಿ ಮೆಲ್ಲನೆ ಮುಂಗಾಲೂರಿತು. ತತ್ತರಿಸುತ್ತ ಎದ್ದು ನಿಂತಿತು. ಕಾವೇರಮ್ಮ ಅಳುತ್ತಲೇ ನಗುತ್ತ ಹಸಿರು ಹುಲ್ಲು ಹಿಡಿದಳು. ಅದು ಹುಲ್ಲನ್ನು ಮೂಸಲೂ ಇಲ್ಲ. ಅವಳನ್ನು ದಾಟಿ, ಅಂಗಳ ದಾಟಿ, ನೇರ ಭಟ್ಟರ ವ್ಯಾನಿನ ಹಿಂಬದಿಗೆ ಹೋಗಿ, ಬಾಗಿಲಿಗೆ ಅಂಟಿ ಒಣಗಿದ್ದ ಪಾಯಸವನ್ನು ನೆಕ್ಕತೊಡಗಿತು.

"ಬೇಡವೇ! ಅದು ಬೇಡವೇ ಬೊಳ್ಳೀ!" ಎನ್ನುತ್ತ ಭಟ್ಟರು ಓಡಿಹೋಗಿ ಅದರ ಮುಖವನ್ನು ಎರಡೂ ಕೈಯಿಂದ ಆಚೆಗೆ ದೂಡಿದರು. ಅದು ತಿರುಗಿ ಅವರ ಅಂಗೈ ನೆಕ್ಕಿತು.