ವ್ಯಾನಿನ ಹಳದಿ ದೀಪ

ಅಮರಗುಂಡಪ್ಪನ ಹಳೆಯ ವ್ಯಾನಿನಲ್ಲಿ, ಸ್ಟೇರಿಂಗಿನ ಹಿಂದೆ, ಎಬಿಎಸ್ ಎಂಬ ಹಳದಿ ದೀಪವಿತ್ತು. ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಬಿಗಿದು ಗಾಡಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ ಕೆಟ್ಟರೆ ಅದು ಹತ್ತಬೇಕು. ಆದರೆ ಈ ಹಾಳಾದ ದೀಪ ತನಗೆ ಮನಸ್ಸು ಬಂದಾಗ ಹತ್ತುತ್ತಿತ್ತು, ಮೆಕ್ಯಾನಿಕ್ಕುಗಳ ಮುಂದೆ ಮಾತ್ರ ಏನೂ ಅರಿಯದ ಹಾಗೆ ಕೂತಿರುತ್ತಿತ್ತು.

ಬೇರೆಯವರಾದರೆ ಹತ್ತಿದರೆ ಹತ್ತಲಿ ಬಿಡು ಅನ್ನುತ್ತಿದ್ದರು. ಅಮರಗುಂಡಪ್ಪ ಹಾಗನ್ನುವಂತಿರಲಿಲ್ಲ. ಹೆಂಡತಿ ಕಸ್ತೂರೆಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಮಸ್ಕಿಯಿಂದ ಲಿಂಗಸುಗೂರಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ದೀಪ ಹತ್ತಿತೋ, ಅವಳು ಗಾಡಿ ನಿಲ್ಲಿಸಲು ಹೇಳಿ ಇಳಿದೇಬಿಡುತ್ತಿದ್ದಳು.

“ಬ್ರೇಕಿಲ್ಲದ ಗಾಡ್ಯಾಗ ನಾ ಕುಂದ್ರಂಗಿಲ್ರಿ.”

“ಬ್ರೇಕ್ ಐತೆವ್ವಾ ತಾಯಿ! ಹೋಗ್ಲಿ, ಬಸ್ಸಿಗೆ ಹೋಗೂನು ಬಾ.”

“ಬಸ್ಸಿನ್ಯಾಗ ನನಗ ವಾಂತಿ ಬರ್ತೈತಿ.”

ಹೀಗೆ ಒಂದು ಸರದಿ ತಪ್ಪಿತು, ಆಮೇಲೆ ಇನ್ನೊಂದು. ಅವಳ ಮುಖ ಬಾತುಕೊಂಡಿತು, ನಾಲ್ಕು ಮಾತಾಡಿದರೆ ಏದುಸಿರು. ಇನ್ನೂ ತಪ್ಪಿಸಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಬೈದರು. ಬೈಸಿಕೊಂಡವನು ಅಮರಗುಂಡಪ್ಪ. ಪಾಪ, ಅವನಾದರೂ ಏನು ಮಾಡಿಯಾನು?

ಮಸ್ಕಿಯ ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ. ಲಿಂಗಸುಗೂರಿನ ಹುಸೇನಪ್ಪ ಬ್ರೇಕ್ ಎಣ್ಣೆ ಬದಲಿಸಿ, “ಆ ಬಲ್ಬನ್ನs ಕಿತ್ತಿ ಒಗದುಬಿಡ್ಲೇನ್ರಿ?” ಎಂದ. ಹೂಂ ಎಂಬ ಮಾತು ಅಮರಗುಂಡಪ್ಪನ ಬಾಯಿಗೆ ಬಂದಿತ್ತು. ಆದರೆ ನಿಜಕ್ಕೂ ಬ್ರೇಕ್ ಕೈಕೊಟ್ಟು ಅವಳಿಗೇನಾದರೂ ಆದರೆ? ಬೇಡವೆಂದ.

ಕಡೆಗೆ ಸಿಂಧನೂರಿನ ಕರೀಂಸಾಬನ ಗ್ಯಾರೇಜಿಗೆ ಹೋದ. ಸ್ಕ್ಯಾನರ್ ಹಚ್ಚಿದ ಕರೀಂಸಾಬ್, ಮುಂದಿನ ಬಲಗಾಲಿಯ ವೇಗ ಅಳೆಯುವ ಸೆನ್ಸರಿನ ದೋಷ ಎಂದ. ಬಿಚ್ಚಿ ಒರೆಸಿ ನೋಡಿದರೆ ಅದು ಚೆನ್ನಾಗಿಯೇ ಇತ್ತು. ಜವಳಗೇರಾ ರಸ್ತೆಯಲ್ಲಿ ಓಡಿಸಿದರು, ದೀಪ ಹತ್ತಲಿಲ್ಲ. ವಾಪಸ್ ಹೊರಡಲೆಂದು ಸ್ಟೇರಿಂಗ್ ಪೂರ್ತಿ ಹೊರಳಿಸಿದಾಗ, ಹತ್ತಿತು ನೋಡಿ!

ಕರೀಂಸಾಬ್ ಅಲ್ಲೇ ಇಳಿದು ಗಾಲಿಯ ಹಿಂದೆ ಕೈ ಹಾಕಿದ.

“ಅಣ್ಣಾ, ಈ ಕರಿದಾರ ಯಾರು ಕಟ್ಟ್ಯಾರ?”

“ನಾನs. ಅಮಾಸಿಗೊಮ್ಮೆ ಹೊಸಾದು ಕಟ್ತೀನಿ. ದಾರ್ಯಾಗ ಆಕಿಗೇನೂ ಆಗಬಾರದಂತ.”

“ಹಳೇದು ಬಿಚ್ಚಂಗಿಲ್ಲೇನು?”

“ಮಂತ್ರಿಸಿದ ದಾರ ಬಿಚ್ಚತಾರೇನೋ?”

ಬಂಪರಿಗೆ ಕಟ್ಟಿದರೆ ಯಾರಾದರೂ ಹರಿದಾರು ಎಂದು ಅಮರಗುಂಡಪ್ಪ ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ ಕಟ್ಟಿದ್ದ. ಅದೇ ಸೆನ್ಸರಿನ ವೈರಾಗಿತ್ತು. ಗಂಟಿನ ಮೇಲೆ ಗಂಟು ಬಿದ್ದು, ಗದ್ದೆಯ ಕೆಸರು ಮೆತ್ತಿ ಗಟ್ಟಿಯಾಗಿ, ವೈರು ಒಳಗೇ ತುಂಡಾಗಿತ್ತು. ನೇರ ಹೋದರೆ ತುದಿಗಳು ಕೂಡುತ್ತಿದ್ದವು, ಗಾಲಿ ಹೊರಳಿದರೆ ಬಿಡುತ್ತಿದ್ದವು.

ಅಮರಗುಂಡಪ್ಪ ರಸ್ತೆ ಬದಿಯಲ್ಲೇ ಕುಕ್ಕರಿಸಿದ. “ನನ್ನ ಕೈಯಾರೆ ನಾನs ಮಾಡಿದ್ನಲ್ಲೋ ಸಾಬ್ಯಾ!” ಎಂದು ಹಣೆ ಹಣೆ ಬಡಿದುಕೊಂಡ. ಕರೀಂಸಾಬ್ ದಾರ ಕತ್ತರಿಸಿ ಗ್ಯಾರೇಜಿನಲ್ಲಿ ವೈರು ಬೆಸೆದುಕೊಟ್ಟ.

ಮರುದಿನ ಬೆಳಿಗ್ಗೆ ಡಯಾಲಿಸಿಸ್ ಸರದಿ. ಅಮರಗುಂಡಪ್ಪ ಕಸ್ತೂರೆಮ್ಮನ ಕಣ್ಣೆದುರಿಗೇ ಸ್ಟೇರಿಂಗನ್ನು ಆ ಕಡೆ ಈ ಕಡೆ ಪೂರ್ತಿ ತಿರುವಿ ತೋರಿಸಿದ. ದೀಪದ ಸುಳಿವಿಲ್ಲ.

“ನೋಡಿದೇನು? ಪೀಡಾ ಹೋತು! ಏಳು, ಹೊತ್ತಾಗಾಕತ್ತೈತಿ.”

ಕಸ್ತೂರೆಮ್ಮ ಮನೆ ಮುಂದಿನ ಕಟ್ಟೆಯಿಂದ ಏಳಲಿಲ್ಲ.

“ಇನ್ನ ನನಗ ನೆಪ ಇಲ್ಲದಂಗಾತು ನೋಡ್ರಿ,” ಎಂದಳು.

“ಏನಂದಿ?”

“ನನಗ ಸಾಕಾಗೈತ್ರಿ. ಆ ಸೂಜಿ, ಆ ಹಾಸಿಗಿ, ಬಂದ ಮ್ಯಾಲಿನ ಆ ಸಂಕಟ. ನಿಮ್ಮ ಮಾರಿ ನೋಡಿ ಹೇಳಾಕ ಆಗಲಿಲ್ಲ. ದೀಪದ ಮ್ಯಾಲ ಹಾಕಿದೆ.”

ಅವನು ಬೈದ. ಕೈ ಮುಗಿದ. ಕಡೆಗೆ ಅವಳ ಪಕ್ಕದಲ್ಲಿ ಕೂತು, ಬೀದಿಯಲ್ಲಿ ಓಡಾಡುವವರನ್ನೂ ಲೆಕ್ಕಿಸದೆ ಅತ್ತುಬಿಟ್ಟ. ಅವಳು ಸೆರಗಿನಿಂದ ಅವನ ಕಣ್ಣೊರೆಸಿದಳು. ಏಳಲು ಮಾತ್ರ ಒಪ್ಪಲಿಲ್ಲ.

ಅಷ್ಟರಲ್ಲಿ ಲಿಂಗಸುಗೂರಿನ ಆಸ್ಪತ್ರೆಯಿಂದ ನರ್ಸ್ ಗಂಗಾದೇವಿಯ ಫೋನ್ ಬಂತು.

“ಹೊಂಟೀರೇನ್ರಿ? ಬೆಡ್ ಖಾಲಿ ಇಟ್ಟೀವಿ.”

ಅಮರಗುಂಡಪ್ಪ ಹೆಂಡತಿಯ ಮುಖ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು.

“ಗಾಡಿ ಕೆಟ್ಟೈತ್ರಿ ಸಿಸ್ಟರ್,” ಎಂದ.