ಕೋಡುಬಳೆಯ ಹಾರ

ಹೊಳೆನರಸೀಪುರದ ಭಾನುಪ್ರಿಯಾ ಕರಿದ ಕೋಡುಬಳೆಗೆ ಗಿರಾಕಿಗಳ ಕೊರತೆ ಇರಲಿಲ್ಲ. ಅವಳ ತಲೆನೋವೆಲ್ಲ ಪ್ಲಾಸ್ಟಿಕ್ ಕವರಿನದು. ತಾನು ತುಂಬಿಕೊಟ್ಟ ಕವರುಗಳೇ ಬಸ್‌ಸ್ಟ್ಯಾಂಡಿನ ಚರಂಡಿಯಲ್ಲಿ ತೇಲುತ್ತಿದ್ದವು. ಕಾಗದದ ಪೊಟ್ಟಣ ಮಾಡಿ ನೋಡಿದಳು. ಪೊಟ್ಟಣವೆಲ್ಲ ಎಣ್ಣೆ, ಕೋಡುಬಳೆಯೆಲ್ಲ ಮೆತ್ತಗೆ.

ಒಂದು ಸಂಜೆ ಅತ್ತೆ ಮಲ್ಲಿಗಮ್ಮ ಬಾಳೆನಾರಿನಲ್ಲಿ ಕಾಕಡ ಹೂವು ಕಟ್ಟುತ್ತ ಕೂತಿದ್ದರು. ಭಾನುಪ್ರಿಯಾ ಸುಮ್ಮನೆ ಒಂದು ಎಳೆ ನಾರು ತೆಗೆದುಕೊಂಡು ಕೋಡುಬಳೆ ಪೋಣಿಸತೊಡಗಿದಳು.

"ಇದೇನವ್ವಾ, ಕೋಡುಬಳೇನೂ ಮುಡ್ಕತೀಯಾ?"

"ಪಾಕೀಟೇ ಬ್ಯಾಡ ಕಣತ್ತೆ! ಅಂಗ್ಡೀಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಇಟ್ಬುಡೋದು. ಕೇಳ್ದೋರ್ಗೆ ಒಂದ್ ಸರ ತೆಗ್ದು ಮುತ್ತುಗದೆಲೇಲಿ ಸುತ್ತಿ ಕೊಡೋದು. ಡಬ್ಬ ಖಾಲಿಯಾದ್ರೆ ನಾನೇ ಓಗಿ ತುಂಬಿಸ್ತೀನಿ."

ಮರುದಿನವೇ ಡಬ್ಬ ಹೊತ್ತು ಹಾಸನದ ಬಸ್ಸು ಹತ್ತಿದಳು. ಕಾಂಡಿಮೆಂಟ್ಸ್ ಅಂಗಡಿಯ ಗೌರೀಶಂಕರ ಸರವನ್ನು ಎತ್ತಿ ಹಿಡಿದು ನಕ್ಕುಬಿಟ್ಟರು. "ಇದು ತಿನ್ನೋದೇನಮ್ಮಾ, ಫೋಟೋಗೆ ಹಾಕೋದಾ?"

ಭಾನುಪ್ರಿಯಾಳ ಮುಖ ಚಿಕ್ಕದಾಯಿತು. ಅಷ್ಟರಲ್ಲಿ ಪಕ್ಕದ ಬೀದಿಯ ಶಾಲೆಯ ಟೀಚರ್ ನೇತ್ರಾ ಏದುಸಿರು ಬಿಡುತ್ತ ಒಳಗೆ ನುಗ್ಗಿದರು. ಹೆಡ್‌ಮಾಸ್ಟರ್ ನಾಗೇಶರ ನಿವೃತ್ತಿ ಸಮಾರಂಭ ಶುರುವಾಗಿತ್ತು. ತಂದ ಹೂವಿನ ಹಾರ ಆಟೋದಲ್ಲೇ ಹೊರಟುಹೋಗಿತ್ತು; ಹತ್ತಿರದಲ್ಲಿ ಹೂವಿನಂಗಡಿ ಎಲ್ಲಿದೆ ಎಂದು ಕೇಳಲು ಬಂದಿದ್ದರು. ಅವರ ಕಣ್ಣು ಸರದ ಮೇಲೆ ಬಿತ್ತು.

"ಇನ್ನೊಂದಿದ್ಯಾ? ಸೇರಿಸಿ ಗಂಟು ಹಾಕಿ. ನೀವೂ ಬನ್ನಿ, ದಾರೀಲಿ ಕಿತ್ತುಹೋದ್ರೆ ಕಷ್ಟ!"

ಇಬ್ಬರೂ ಹಾರ ಹಿಡಿದು ರಸ್ತೆಯುದ್ದಕ್ಕೂ ಓಡಿದರು. ವೇದಿಕೆಯಲ್ಲಿ ಹಾರ ಕೊರಳಿಗೆ ಬಿದ್ದಾಗ ನಾಗೇಶ್ ಗಂಭೀರವಾಗಿ ಕೈಮುಗಿದರು. ಆಮೇಲೆ ಮೂಗು ಅರಳಿತು. ಅತಿಥಿಗಳ ಭಾಷಣ ಜೋರಾಗಿದ್ದಾಗ ಮೆಲ್ಲನೆ ಒಂದು ಮುರಿದು ಬಾಯಿಗೆ ಹಾಕಿಕೊಂಡರು. ಕರುಂ!

ಮೇಜಿನ ಮೇಲಿನ ಇನ್ನೊಂದು ಮೈಕು ಅವರ ಮುಂದೆಯೇ ಇತ್ತು. ಇಡೀ ಸಭೆಗೆ ಕೇಳಿಸಿತು. ಮಕ್ಕಳು "ಹೋ!" ಎಂದು ಎದ್ದು ಕುಣಿದರು. ಪಕ್ಕದ ಕುರ್ಚಿಯವರು "ಸಾ, ನಂಗೊಂದು" ಎಂದು ಕೈಚಾಚಿದರು. ಭಾಷಣ ಮಾಡುತ್ತಿದ್ದವರೂ ಮಾತು ನಿಲ್ಲಿಸಿ ಬಂದರು. ವಂದನಾರ್ಪಣೆಯ ಹೊತ್ತಿಗೆ ಹೆಡ್‌ಮಾಸ್ಟರರ ಕೊರಳಲ್ಲಿ ಬರಿಯ ನಾರು ಉಳಿದಿತ್ತು. ಅದನ್ನೂ ಅವರು ಗೇಟಿನ ಬಳಿಯ ದಾಸವಾಳದ ಬುಡಕ್ಕೆ ಹಾಕಿ, "ಇದೂ ಗೊಬ್ಬರ!" ಎಂದರು.

ಗೌರೀಶಂಕರ ಅಂಗಡಿ ಬಾಗಿಲಲ್ಲೇ ಕಾಯುತ್ತಿದ್ದರು. "ವಾರವಾರ ಡಬ್ಬ ತಂದ್ಬುಡಮ್ಮ. ಆಗ್ಲೇ ಮೂರು ಜನ ಕೇಳ್ಕೊಂಡು ಹೋದ್ರು."

ಬಸ್ಸಿನಲ್ಲಿ ಗಂಡ ಶಿವರಾಜುವಿನ ಫೋನು ಬಂತು. "ಏನಾಯ್ತು ಭಾನು, ತಗಂಡ್ರಾ?"

"ತಗಂಡ್ರು ಕಣ್ರೀ, ಅದೇನಾಯ್ತು ಅಂದ್ರೆ, ಹೆಡ್‌ಮಾಸ್ಟ್ರು..." ಎಂದವಳಿಗೆ ನಗು ಉಕ್ಕಿ ಮಾತೇ ಹೊರಡಲಿಲ್ಲ. ಏನೂ ತಿಳಿಯದ ಶಿವರಾಜುವೂ ಆ ಕಡೆಯಿಂದ ನಗತೊಡಗಿದ.